ಸಪೂರ ಆಗುವ ಇಂಜೆಕ್ಷನ್: ಹೊಟ್ಟೆ ಕೆಟ್ಟರೆ ಯಾರನ್ನು ಕೇಳುವುದು?

ಮಂಗಳೂರಿನ ಮೆಡಿಕಲ್ ಶಾಪ್‌ಗಳ ಫ್ರಿಜ್‌ನಲ್ಲಿ ಇನ್ಸುಲಿನ್ ಪಕ್ಕ ಈಗ ಇನ್ನೊಂದು ಬಗೆಯ ಪೆನ್ನೂ ಉಂಟು. ವಾರಕ್ಕೊಮ್ಮೆ ಹೊಟ್ಟೆಗೋ ತೊಡೆಗೋ ಚುಚ್ಚಿಕೊಳ್ಳುವ, ಸಪೂರ ಆಗುವ ಇಂಜೆಕ್ಷನ್. ಮೌಂಜಾರೊ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂತು, ವೆಗೋವಿ ಜೂನ್‌ನಲ್ಲಿ. ಅಷ್ಟು ಹೊತ್ತಿಗೆ ಅಮೆರಿಕದಲ್ಲಿ ಈ ಜಾತಿಯ ಮದ್ದುಗಳ ಮೇಲೆ ಸಾವಿರಕ್ಕೂ ಜಾಸ್ತಿ ಕೇಸು ಬಿದ್ದಾಗಿತ್ತು. ಬಹುಪಾಲು ದೂರು ಹೊಟ್ಟೆಯದ್ದೇ.

ತೂಕ ಇಳಿಸುವ ಮದ್ದುಗಳ ಚರಿತ್ರೆ ಮೊದಲಿನಿಂದಲೂ ಅಷ್ಟೇನೂ ಚೆನ್ನಾಗಿಲ್ಲ. 1930ರ ದಶಕದ ಡೈನೈಟ್ರೋಫಿನಾಲ್ ಕಣ್ಣಿಗೆ ಪೊರೆ ತಂದಿತು, ಕೆಲವರ ಜೀವವನ್ನೂ ತೆಗೆಯಿತು. 'ಫೆನ್-ಫೆನ್' ಎಂಬ ಎರಡು ಮದ್ದುಗಳ ಜೋಡಿ ಹೃದಯದ ಕವಾಟ ಕೆಡಿಸುತ್ತದೆ ಎಂದು ಗೊತ್ತಾಗಿ, 1997ರಲ್ಲಿ ಅದರ ಫೆನ್‌ಫ್ಲುರಮೈನ್ ಮಾರುಕಟ್ಟೆಯಿಂದ ಹೋಯಿತು. ಆಮೇಲೆ ಕಂಪನಿ 375 ಕೋಟಿ ಡಾಲರ್‌ನ ರಾಜಿಗೆ ಒಪ್ಪಬೇಕಾಯಿತು. ನಮ್ಮಲ್ಲೂ ಮಾರುತ್ತಿದ್ದ ಸಿಬುಟ್ರಮಿನ್ 2011ರಲ್ಲಿ ನಿಷೇಧವಾಯಿತು.

ಈಗಿನದ್ದು ಬೇರೆಯೇ ಕುಟುಂಬ. ಊಟವಾದ ಮೇಲೆ ಕರುಳಿನಲ್ಲಿ ಹುಟ್ಟುವ ಜಿಎಲ್‌ಪಿ-1 ಎಂಬ ಹಾರ್ಮೋನಿನ ನಕಲು ಇದು. ಮೊದಲ ಮದ್ದು ಎಕ್ಸೆನಾಟೈಡ್ 2005ರಲ್ಲಿ ಬಂತು, ಸಕ್ಕರೆ ಕಾಯಿಲೆಗೆಂದು. ಅದರ ಮೂಲ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯ ಜೊಲ್ಲು! ಸಕ್ಕರೆಗೆಂದು ತೆಗೆದುಕೊಂಡವರ ತೂಕವೂ ಇಳಿಯಿತು. 2017ರಲ್ಲಿ ಸೆಮಾಗ್ಲುಟೈಡ್ ಒಜೆಂಪಿಕ್ ಹೆಸರಲ್ಲಿ ಬಂತು. ಅದೇ ಮದ್ದು ಜಾಸ್ತಿ ಡೋಸ್‌ನಲ್ಲಿ 2021ಕ್ಕೆ ವೆಗೋವಿ ಆಯಿತು.

ಇದು ಮಿದುಳಿಗೆ 'ಸಾಕು' ಎನ್ನುತ್ತದೆ. ಜೊತೆಗೆ, ಹೊಟ್ಟೆಯಿಂದ ಆಹಾರ ಕರುಳಿಗೆ ಜಾರುವುದನ್ನು ನಿಧಾನ ಮಾಡುತ್ತದೆ. ಕಿರಿಕಿರಿಗೆ ದೊಡ್ಡ ಕಾರಣ ಇದೇ. ಮಧ್ಯಾಹ್ನ ಉಂಡ ಕುಚ್ಚಲಕ್ಕಿ ಅನ್ನ ರಾತ್ರಿಯಾದರೂ ಹೊಟ್ಟೆಯಲ್ಲೇ ಕೂತ ಹಾಗೆ ಅನ್ನಿಸುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ತೇಗು ಬರುತ್ತದೆ. ವಾಕರಿಕೆ, ಮಲಬದ್ಧತೆ. ಮದುವೆಮನೆಯ ಕೋರಿ ರೊಟ್ಟಿಯಂಥ ಎಣ್ಣೆ-ಕೊಬ್ಬಿನ ಊಟ ಮಾಡಿದರೆ ಮತ್ತೂ ಕಷ್ಟ. 1,961 ಜನರ ಮೇಲೆ 68 ವಾರ ನಡೆದ ಪ್ರಯೋಗದಲ್ಲಿ ಸೆಮಾಗ್ಲುಟೈಡ್ ತೆಗೆದುಕೊಂಡವರ ತೂಕ ಸರಾಸರಿ ಶೇ 14.9 ಇಳಿಯಿತು. ಅವರಲ್ಲಿ ಶೇ 44ರಷ್ಟು ಜನರಿಗೆ ವಾಕರಿಕೆ, ಶೇ 25ರಷ್ಟು ಜನರಿಗೆ ವಾಂತಿ. ಆದರೆ ಹೊಟ್ಟೆ ತೊಂದರೆಗೆಂದು ಮದ್ದು ಬಿಟ್ಟವರು ಶೇ 4.5 ಮಾತ್ರ. ಹೆಚ್ಚಿನವರಿಗೆ ತಡೆದುಕೊಳ್ಳುವಂಥದ್ದೇ, ಕ್ರಮೇಣ ಕಡಿಮೆಯೂ ಆಗುತ್ತದೆ. 0.25 ಮಿಲಿಗ್ರಾಂನಿಂದ ಶುರು ಮಾಡಿ ನಾಲ್ಕು ವಾರಕ್ಕೊಮ್ಮೆ ಏರಿಸುವುದು ಇದಕ್ಕಾಗಿಯೇ. ತಂಗಿಯ ಮದುವೆಗೆ ಸಪೂರ ಆಗಬೇಕೆಂದು ಮೆಟ್ಟಿಲು ಹಾರಿಸುವವರೇ ಪೆಟ್ಟು ತಿನ್ನುವುದು ಜಾಸ್ತಿ.

ಹಾಗಾದರೆ ಕೇಸು ಯಾಕೆ? ವಾಕರಿಕೆಯ ಎಚ್ಚರಿಕೆ ಲೇಬಲ್‌ನಲ್ಲೇ ಇತ್ತಲ್ವಾ? ದೂರು ಅದರದ್ದಲ್ಲ. ಹೊಟ್ಟೆಯ ಚಲನೆಯೇ ನಿಂತಂತಾಗುವ ಗ್ಯಾಸ್ಟ್ರೋಪರೆಸಿಸ್ ಬಗ್ಗೆ ಸರಿಯಾಗಿ ಹೇಳಲಿಲ್ಲ ಎಂಬುದು. ಲೂಸಿಯಾನಾದ ಮಹಿಳೆಯೊಬ್ಬರು 2023ರ ಆಗಸ್ಟ್‌ನಲ್ಲಿ ಒಜೆಂಪಿಕ್ ಮಾಡುವ ಡೆನ್ಮಾರ್ಕಿನ ನೋವೊ ನಾರ್ಡಿಸ್ಕ್ ಮತ್ತು ಮೌಂಜಾರೊ ಮಾಡುವ ಎಲಿ ಲಿಲ್ಲಿ ಮೇಲೆ ಕೇಸು ಹಾಕಿದರು. ಮರುತಿಂಗಳೇ ಒಜೆಂಪಿಕ್ ಲೇಬಲ್‌ಗೆ ಕರುಳಿನ ಚಲನೆ ನಿಲ್ಲುವ 'ಇಲಿಯಸ್' ಸೇರಿತು. 2024ರ ಫೆಬ್ರವರಿಯಲ್ಲಿ ಫೆಡರಲ್ ಕೇಸುಗಳನ್ನೆಲ್ಲ ಪೆನ್ಸಿಲ್ವೇನಿಯಾದ ಒಂದೇ ಕೋರ್ಟಿಗೆ ತಂದರು. 2025ರ ಆಗಸ್ಟ್‌ನಲ್ಲಿ ಅಲ್ಲಿನ ನ್ಯಾಯಾಧೀಶೆ ಕರೆನ್ ಮಾರ್ಸ್‌ಟನ್ ಹೇಳಿದ್ದು ದೊಡ್ಡ ಮಾತು: ಲಕ್ಷಣ ಕೇಳಿ ಬರೆದ ಗ್ಯಾಸ್ಟ್ರೋಪರೆಸಿಸ್ ಸಾಲದು, ಹೊಟ್ಟೆ ಖಾಲಿಯಾಗುವ ವೇಗ ಅಳೆದ ಪರೀಕ್ಷೆ ಬೇಕು. ಊಟದಲ್ಲಿ ಚೂರು ವಿಕಿರಣ ವಸ್ತು ಬೆರೆಸಿ ನಾಲ್ಕು ಗಂಟೆ ಸ್ಕ್ಯಾನ್ ಮಾಡುವ ಪರೀಕ್ಷೆ ಅದು. ಅಲ್ಲಿ ಮೊಟ್ಟೆ ಸ್ಯಾಂಡ್‌ವಿಚ್. ನಮ್ಮ ದೇಶದಲ್ಲಿ ಇಡ್ಲಿಯಲ್ಲಿ ಬೆರೆಸಿ ಕೊಡುವುದೂ ಉಂಟು.

ನಮ್ಮಲ್ಲಿ ಹೇಗೆ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನದ ಹೊಣೆಗೆಂದೇ ಒಂದು ಅಧ್ಯಾಯ ಉಂಟು. ನೀವು ಇರುವ ಊರಿನ ಜಿಲ್ಲಾ ಗ್ರಾಹಕ ಆಯೋಗಕ್ಕೇ ದೂರು ಕೊಡಬಹುದು, ಕಂಪನಿ ಡೆನ್ಮಾರ್ಕಿನದ್ದಾದರೂ ಮಂಗಳೂರಿನಲ್ಲೋ ಉಡುಪಿಯಲ್ಲೋ ಕೊಡಬಹುದು. ಮದ್ದಿಗೆ ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಆದರೆ 87ನೇ ಸೆಕ್ಷನ್ ಓದಬೇಕು. ತಜ್ಞರ ಉಸ್ತುವಾರಿಯಲ್ಲೇ ಬಳಸಬೇಕಾದ ವಸ್ತುವಾದರೆ, ಆ ತಜ್ಞರಿಗೆ ತಕ್ಕ ಎಚ್ಚರಿಕೆ ಕೊಟ್ಟಿದ್ದರೆ ತಯಾರಕರು ಪಾರು. ಅಂದರೆ ಕಂಪನಿ 'ಡಾಕ್ಟರಿಗೆ ಹೇಳಿದ್ದೇವೆ' ಅನ್ನುತ್ತದೆ. ಆಗ ಪ್ರಶ್ನೆ ಡಾಕ್ಟರ ಮೇಜಿಗೆ ಬರುತ್ತದೆ: ಅವರು ನಿಮಗೆ ಹೇಳಿದ್ದರಾ? ಹಣ ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿಗೆ ಒಳಪಡುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಚೀಟಿ ಇಲ್ಲದೆ ಜಿಮ್ ಗೆಳೆಯನ ಮಾತು ಕೇಳಿ ಚುಚ್ಚಿಕೊಂಡವರಿಗೆ ಈ ಎರಡು ದಾರಿಯೂ ಹೆಚ್ಚುಕಡಿಮೆ ಮುಚ್ಚಿದ ಹಾಗೆ.

ಗ್ರಾಹಕ ಹೋರಾಟ ಉಡುಪಿಗೆ ಹೊಸತಲ್ಲ. ಇಲ್ಲಿನ ಗ್ರಾಹಕ ಹೋರಾಟಗಾರ ಡಾ. ರವೀಂದ್ರನಾಥ ಶಾನುಭಾಗ್ ಸ್ವತಃ ಔಷಧಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು, ಎಂಡೋಸಲ್ಫಾನ್ ಸಂತ್ರಸ್ತರ ಪರವಾಗಿಯೂ ನಿಂತವರು. ಗೇರು ತೋಟಕ್ಕೆ ಹೊಡೆದ ವಿಷದಿಂದಲೇ ಮಕ್ಕಳು ಅಂಗವಿಕಲರಾದರು ಎಂದು ಒಪ್ಪಿಸುವುದಕ್ಕೆ ದಕ್ಷಿಣ ಕನ್ನಡದ ಕೊಕ್ಕಡದ ಕಡೆಯವರು ಎಷ್ಟು ವರ್ಷ ಅಲೆದರು ಎಂದು ನಮ್ಮವರಿಗೆ ಗೊತ್ತು. ಇಲ್ಲೂ ಕಗ್ಗಂಟು ಅದೇ. ಸಕ್ಕರೆ ಕಾಯಿಲೆಯೇ ಹೊಟ್ಟೆಯ ನರ ಕೆಡಿಸಿ ಗ್ಯಾಸ್ಟ್ರೋಪರೆಸಿಸ್ ತರುತ್ತದೆ. ಆದ್ದರಿಂದ ಮೊದಲ ಚುಚ್ಚಿಗೆ ಮುಂಚೆ ಹೊಟ್ಟೆ ಹೇಗಿತ್ತು ಎಂಬುದಕ್ಕೆ ದಾಖಲೆ ಬೇಕು. ಡಾಕ್ಟರ ಚೀಟಿ, ಬ್ಯಾಚ್ ನಂಬರ್ ಇರುವ ಬಿಲ್, ಪೆಟ್ಟಿಗೆಯೊಳಗಿನ ಮಡಚಿದ ಕಾಗದ, ಡೋಸ್ ಏರಿಸಿದ ತಾರೀಖು, ಎಂಡೋಸ್ಕೋಪಿ ವರದಿ, ಯಾವುದನ್ನೂ ಬಿಸಾಡಬೇಡಿ. ದೂರು ಕೊಡಲು ಎರಡು ವರ್ಷ ಗಡುವು.

ಪರಿಹಾರ ಸಿಗದಿದ್ದರೂ ಇನ್ನೊಂದು ಕಡೆ ಬರೆಸಲೇಬೇಕು ಅನ್ನುವುದು ನನ್ನ ಮತ. ಮದ್ದಿನ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2010ರಿಂದ ನಡೆಯುತ್ತಿದೆ. ಸಹಾಯವಾಣಿ 1800-180-3024. ಡಾಕ್ಟರೇ ಬರೆಯಬೇಕೆಂದಿಲ್ಲ, ರೋಗಿಯೂ ಹೇಳಬಹುದು, ದುಡ್ಡು ಕೊಡಬೇಕಾಗಿಲ್ಲ.