ಫ್ಲಾಸ್ಕ್ ಡೇಟಾಬೇಸ್ ಯಾಕೆ ಕೊಡಲಿಲ್ಲ?

ಫ್ಲಾಸ್ಕ್, ಜ್ಯಾಂಗೋ ಎರಡೂ ಪೈಥಾನ್ ಭಾಷೆಯಲ್ಲಿ ವೆಬ್‌ಸೈಟು ಕಟ್ಟಲು ಬಳಸುವ ಫ್ರೇಮ್‌ವರ್ಕ್‌ಗಳು, ಅಂದರೆ ಸಿದ್ಧ ಚೌಕಟ್ಟುಗಳು. ಹೊಸದಾಗಿ ತಂಡಕ್ಕೆ ಸೇರಿದವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಇದು: "ಸರ್, ಜ್ಯಾಂಗೋದಲ್ಲಿ ಡೇಟಾಬೇಸ್, ಫಾರ್ಮು, ಲಾಗಿನ್, ಅಡ್ಮಿನ್ ಪುಟ ಎಲ್ಲಾ ರೆಡಿ ಸಿಗುತ್ತೆ. ಫ್ಲಾಸ್ಕ್‌ನಲ್ಲಿ ಇದ್ಯಾವುದೂ ಇಲ್ವಲ್ಲ?" ಇಲ್ಲ, ನಿಜ. ಅದು ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು.

ಜ್ಯಾಂಗೋ ಬೆಳೆದದ್ದು ಅಮೆರಿಕದ ಕಾನ್ಸಾಸ್‌ನ ಒಂದು ಪತ್ರಿಕೆಯ ಕಚೇರಿಯಲ್ಲಿ, ಹೊರಬಂದದ್ದು 2005ರಲ್ಲಿ. ಸುದ್ದಿಮನೆಗೆ ಗಡುವಿನೊಳಗೆ ಸೈಟು ಬೇಕು, ಸಂಪಾದಕರಿಗೆ ಸುದ್ದಿ ಹಾಕಲು ಪುಟ ಬೇಕು. ಆದ್ದರಿಂದ ಎಲ್ಲವೂ ಒಂದೇ ಕಟ್ಟಿನಲ್ಲಿ ಬಂತು. ಫ್ಲಾಸ್ಕ್‌ನ ಹುಟ್ಟೇ ಬೇರೆ. ಒಂದೇ ಫೈಲಿನ ಫ್ರೇಮ್‌ವರ್ಕ್‌ಗಳ ಹುಚ್ಚು ಹಬ್ಬಿದ್ದ ಕಾಲದಲ್ಲಿ, 2010ರ ಏಪ್ರಿಲ್ 1ರಂದು, ಆಸ್ಟ್ರಿಯಾದ ಆರ್ಮಿನ್ ರೊನಾಕರ್ ಅಂಥದ್ದೊಂದನ್ನು ತಮಾಷೆಗೆ ಬಿಟ್ಟರು. ಜನ ನಿಜವೆಂದೇ ನಂಬಿದರು. ಅದೇ ತಿಂಗಳು ಅವರು ನಿಜವಾದದ್ದನ್ನು ಕೊಟ್ಟರು. ಎಚ್‌ಟಿಟಿಪಿ ವ್ಯವಹಾರಕ್ಕೆ, ಅಂದರೆ ಬ್ರೌಸರು-ಸರ್ವರ್‌ಗಳ ಮಾತುಕತೆಗೆ, ವರ್ಕ್‌ಝಾಯ್ಗ್, ಪುಟ ಕಟ್ಟಲು ಜಿಂಜಾ: ಎರಡೂ ಅವರ ಬಳಗದ ಹಳೆಯ ಲೈಬ್ರರಿಗಳೇ. ಇವೆರಡನ್ನೂ ಹೊಲಿದ ದಾರವೇ ಫ್ಲಾಸ್ಕ್.

ಇದನ್ನು "ಮೈಕ್ರೋ" ಫ್ರೇಮ್‌ವರ್ಕ್ ಅಂದದ್ದರಿಂದ ಒಂದು ತಪ್ಪು ತಿಳಿವಳಿಕೆ ಬೇರೂರಿದೆ, ಸಣ್ಣ ಕೆಲಸಕ್ಕೆ ಮಾತ್ರ ಇದು ಲಾಯಕ್ಕು ಅಂತ. ಸಣ್ಣದಾಗಿ ಇಟ್ಟದ್ದು ನಿಮ್ಮ ಪರವಾಗಿ ಅದು ತೆಗೆದುಕೊಳ್ಳುವ ತೀರ್ಮಾನಗಳ ಸಂಖ್ಯೆಯನ್ನು. ಪೋಸ್ಟ್‌ಗ್ರೆಸ್ ಡೇಟಾಬೇಸ್ ಬೇಕೋ, ಮಾಂಗೋಡಿಬಿ ಬೇಕೋ, ಡೇಟಾಬೇಸೇ ಬೇಡವೋ, ಅದು ನಿಮ್ಮ ಕೆಲಸ ಹೇಳಬೇಕು.

ಆದರೆ ಬರೀ ಬಿಟ್ಟುಬಿಟ್ಟರೆ ಫ್ರೇಮ್‌ವರ್ಕ್ ಆಗುವುದಿಲ್ಲ. ಬಿಟ್ಟ ಜಾಗಕ್ಕೆ ಇನ್ನೊಬ್ಬರು ತಂದದ್ದು ಸರಿಯಾಗಿ ಕೂರಬೇಕು. ನನ್ನ ಪ್ರಕಾರ ಫ್ಲಾಸ್ಕ್‌ನ ನಿಜವಾದ ವಿನ್ಯಾಸ ಇರುವುದು ಇಲ್ಲಿ, ಪ್ರತಿ ಪ್ರೋಗ್ರಾಮಿನ ತಲೆಯಲ್ಲಿ ನಾವೇ ಕೈಯಾರೆ ಬರೆಯುವ "ಆ್ಯಪ್" ಎಂಬ ಆಬ್ಜೆಕ್ಟಿನಲ್ಲಿ. ಅದನ್ನು ತೆರೆಮರೆಯಲ್ಲಿ ತಾನೇ ಸೃಷ್ಟಿಸಿಕೊಳ್ಳಬಹುದಿತ್ತು, ಒಂದು ಸಾಲು ಉಳಿಯುತ್ತಿತ್ತು. ಕಣ್ಣೆದುರಿಗೆ ಇಟ್ಟದ್ದರಿಂದ ಒಂದೇ ಪ್ರೋಗ್ರಾಮಿನಲ್ಲಿ ಎರಡು ಆ್ಯಪ್ ಕಟ್ಟಬಹುದು: ಗ್ರಾಹಕರಿಗೆ ಒಂದು, ಟೆಸ್ಟಿಗೆ ಒಂದು.

ಇದರ ಬೆಲೆ ನನಗೆ ತಿಳಿದದ್ದು ಒಂದು ಕಹಿ ಬೆಳಗ್ಗೆ. ಆಗಿನ್ನೂ ಕಲಿಯುತ್ತಿದ್ದೆ. ಫೈಲಿನ ಮೇಲ್ತುದಿಯಲ್ಲೇ ಆ್ಯಪ್ ಕಟ್ಟಿ, ಡೇಟಾಬೇಸ್ ಎಕ್ಸ್‌ಟೆನ್ಷನ್ನನ್ನು (ಫ್ಲಾಸ್ಕ್ ಬಿಟ್ಟ ಜಾಗಕ್ಕೆ ಹೊರಗಿನಿಂದ ತಂದು ಜೋಡಿಸುವ ಲೈಬ್ರರಿಯನ್ನು) ಅಲ್ಲೇ ಅದಕ್ಕೆ ಗಂಟುಹಾಕಿದ್ದೆ. ಟೆಸ್ಟ್ ಶುರುವಾಗಿ ಬೇರೆ ಡೇಟಾಬೇಸಿನ ವಿಳಾಸ ಕೊಡುವಷ್ಟರಲ್ಲಿ ಹಳೆಯ ವಿಳಾಸಕ್ಕೆ ಸಂಪರ್ಕ ಆಗಿಹೋಗಿತ್ತು. ಕೊನೆಯಲ್ಲಿ ಟೇಬಲ್‌ಗಳನ್ನೆಲ್ಲ ಅಳಿಸುವ ಸಾಲು ಚಾಚೂ ತಪ್ಪದೆ ತನ್ನ ಕೆಲಸ ಮಾಡಿತು, ಇಡೀ ತಂಡ ಬಳಸುತ್ತಿದ್ದ ಡೇಟಾಬೇಸಿನ ಮೇಲೆ. ಅವತ್ತಿನಿಂದ ಆ್ಯಪ್ ಹುಟ್ಟುವುದು ಒಂದು ಫಂಕ್ಷನ್ನಿನ ಒಳಗೆ ಮಾತ್ರ. ಎಕ್ಸ್‌ಟೆನ್ಷನ್ ಖಾಲಿಯಾಗಿ ಹೊರಗೆ ನಿಂತಿರುತ್ತದೆ. ಆ್ಯಪ್ ಸಿದ್ಧವಾದ ಮೇಲೆ ಎಕ್ಸ್‌ಟೆನ್ಷನ್ನಿನ "ಇನಿಟ್ ಆ್ಯಪ್" ಎಂಬ ಫಂಕ್ಷನ್ ಕರೆದು ಜೋಡಿಸುತ್ತೇವೆ.

ಇದೇ ಫ್ಲಾಸ್ಕ್ ಒಂದು ಕಡೆ, ಎಲ್ಲವನ್ನೂ ಕಣ್ಣೆದುರಿಗೆ ಇಡುವ ತನ್ನ ನಿಯಮವನ್ನು ತಾನೇ ಸಡಿಲಿಸಿದೆ. ಬ್ರೌಸರಿನಿಂದ ಬಂದ ಕೋರಿಕೆಯನ್ನು ಹಿಡಿದಿರುವ "ರಿಕ್ವೆಸ್ಟ್" ನಮ್ಮ ಫಂಕ್ಷನ್ನಿಗೆ ಕೈಯಿಂದ ಕೈಗೆ ಬರುವುದಿಲ್ಲ, ಎಲ್ಲಿಂದ ಬೇಕಾದರೂ ಇಂಪೋರ್ಟ್ ಮಾಡಿಕೊಳ್ಳಬಹುದು. ಬರೆಯಲು ಹಿತ. ಆದರೆ ಹಿನ್ನೆಲೆಯಲ್ಲಿ ಇನ್ನೊಂದು ಥ್ರೆಡ್ (ಜೊತೆಜೊತೆಗೆ ನಡೆಯುವ ಬೇರೊಂದು ಕೆಲಸದ ಎಳೆ) ಓಡಿಸಿ ಅಲ್ಲಿ ಅದನ್ನು ಮುಟ್ಟಿದೊಡನೆ ಎರರ್ ಬೀಳುತ್ತದೆ, ಹೊಸಬರು ಅರ್ಧ ದಿನ ಒದ್ದಾಡುತ್ತಾರೆ. ಈ ಆಯ್ಕೆ ನನಗೆ ಇಂದಿಗೂ ಒಪ್ಪಿಗೆಯಿಲ್ಲ.

ಬಿಡಿಬಿಡಿ ಭಾಗಗಳಿಗೆ ತಮ್ಮದೇ ದಾರಿ ಇರುತ್ತದೆ, ಅದನ್ನೂ ಹೇಳಿಬಿಡಬೇಕು. 2023ರ ಸೆಪ್ಟೆಂಬರಿನ ಕೊನೆಗೆ ವರ್ಕ್‌ಝಾಯ್ಗ್ 3.0 ಬಂದಾಗ ಹಳೆಯ ಒಂದು ಫಂಕ್ಷನ್ ಅದರಲ್ಲಿ ಇರಲಿಲ್ಲ. ಫ್ಲಾಸ್ಕ್ 2.2 ಅದನ್ನೇ ನೆಚ್ಚಿತ್ತು. ಫ್ಲಾಸ್ಕ್‌ನ ಆವೃತ್ತಿ ಮಾತ್ರ ಕಟ್ಟಿಹಾಕಿ ವರ್ಕ್‌ಝಾಯ್ಗ್‌ನದನ್ನು ಬಿಟ್ಟವರ ಸರ್ವರ್‌ಗಳು, ಒಂದಕ್ಷರ ಕೋಡ್ ಬದಲಾಗದಿದ್ದರೂ, ಹೊಸದಾಗಿ ಇನ್‌ಸ್ಟಾಲ್ ಮಾಡಿದೊಡನೆ ಇಂಪೋರ್ಟ್ ಹಂತದಲ್ಲೇ ಕುಸಿದವು. ಪ್ರತಿ ಭಾಗದ ಆವೃತ್ತಿಯನ್ನೂ ಬರೆದಿಡುವುದು ಈ ಸ್ವಾತಂತ್ರ್ಯದ ಜೊತೆಗೇ ಬರುವ ಕೆಲಸ. ಅದಕ್ಕೆ ಯಾರಿಗೂ ಪುರುಸೊತ್ತಿಲ್ಲದ ತಂಡವಾದರೆ ನಾನು ಹಿಂದೆಮುಂದೆ ನೋಡದೆ ಜ್ಯಾಂಗೋ ಎನ್ನುತ್ತೇನೆ.

ಹೊಸ ಎಕ್ಸ್‌ಟೆನ್ಷನ್ ಆರಿಸುವಾಗ ಕೋಡ್ ಹಂಚುವ ತಾಣ ಗಿಟ್‌ಹಬ್‌ನಲ್ಲಿ ಜನ ಮೆಚ್ಚಿ ಕೊಟ್ಟ ನಕ್ಷತ್ರ ಎಣಿಸುವ ಮುಂಚೆ ಅದರ ಸೋರ್ಸ್ ತೆರೆದು "ಇನಿಟ್ ಆ್ಯಪ್" ಓದಿ. ಸಾಮಾನ್ಯವಾಗಿ ಹತ್ತಿಪ್ಪತ್ತು ಸಾಲು. ಬಂದ ಆ್ಯಪನ್ನು ತನ್ನೊಳಗೇ ಹಿಡಿದಿಟ್ಟುಕೊಂಡಿದೆಯೋ, ಇಲ್ಲ ತನ್ನ ಸಾಮಾನನ್ನು ಆ್ಯಪ್‌ನ "ಎಕ್ಸ್‌ಟೆನ್ಷನ್ಸ್" ಡಿಕ್ಷನರಿಯಲ್ಲಿ ಇಟ್ಟಿದೆಯೋ ನೋಡಿ. ಹಿಡಿದಿಟ್ಟುಕೊಂಡಿದ್ದರೆ, ಎರಡನೇ ಆ್ಯಪ್ ಕಟ್ಟಿದ ದಿನ ಅದು ಕೈಕೊಡುತ್ತದೆ.