ಜಾದೂ, ಮ್ಯಾಜಿಕ್, ಮಾಟ: ಮೂರೂ ಒಂದೇನಾ?

ಪ್ರಶ್ನೆ: ನಮ್ಮ ಕಲಬುರಗಿಯೊಳಗ ಹಿರಿಯರು ‘ಜಾದೂ’ ಅಂತಾರ, ಹುಡುಗರು ‘ಮ್ಯಾಜಿಕ್’ ಅಂತಾರ, ಮನ್ಯಾಗ ಯಾರಿಗರ ಜಡ್ಡಾದರ ‘ಮಾಟ’ ಅಂತಾರ. ಇವು ಮೂರೂ ಒಂದೇನಾ? ಎಲ್ಲಿಂದ ಬಂದವು?

ಉತ್ತರ: ಮೊದಲೆರಡರ ತವರು ಇರಾನ್, ಮೂರನೆಯದು ಅಚ್ಚಗನ್ನಡ.

ಇಂಗ್ಲಿಷಿನ ಮೂಲಕ ನಮಗೆ ಬಂದ ‘ಮ್ಯಾಜಿಕ್’ ಹುಟ್ಟಿದ್ದು ಪುರೋಹಿತರ ಹೆಸರಿನಿಂದ. ಪ್ರಾಚೀನ ಇರಾನಿನಲ್ಲಿ ದೇವತಾವಿಧಿಗಳನ್ನು ನಡೆಸುತ್ತಿದ್ದವರನ್ನು ‘ಮಗುಶ್’ ಎನ್ನುತ್ತಿದ್ದರು. ಕ್ರಿ.ಪೂ. 522ರಲ್ಲಿ ಪಟ್ಟಕ್ಕೇರಿದ ಪರ್ಷಿಯಾದ (ಇರಾನಿನ) ದೊರೆ ಮೊದಲನೆಯ ದಾರಿಯಸ್ ಬೆಹಿಸ್ತೂನ್ ಬಂಡೆಯ ಮೇಲೆ ಕೊರೆಸಿದ ಶಾಸನದಲ್ಲಿ, ಸಿಂಹಾಸನ ಕಬಳಿಸಿದ್ದಕ್ಕಾಗಿ ತಾನು ಕೊಂದ ಗೌಮಾತನನ್ನು ಇದೇ ಪದದಿಂದ ಗುರುತಿಸಿದ್ದಾನೆ. ಪರ್ಷಿಯನ್ನರೊಡನೆ ಕಾದಾಡಿದ ಗ್ರೀಕರು ಅಂಥವರನ್ನು ‘ಮಾಗೊಸ್’ ಎಂದೂ ಅವರ ವಿದ್ಯೆಯನ್ನು ‘ಮಾಗೇಯಾ’ ಎಂದೂ ಕರೆದರು. ಪರರ ಪೂಜೆಯನ್ನು ಕಂಡರೆ ಅನುಮಾನಪಡುವುದು ಎಲ್ಲ ಕಾಲದ ಚಾಳಿಯಷ್ಟೆ. ಆ ಪದಕ್ಕೆ ಮೋಸ, ಕ್ಷುದ್ರವಿದ್ಯೆ ಎಂಬ ಅರ್ಥಗಳು ಬೇಗನೆ ಅಂಟಿಕೊಂಡವು. ಲ್ಯಾಟಿನ್, ಫ್ರೆಂಚ್ ದಾಟಿ 14ನೆಯ ಶತಮಾನದಲ್ಲಿ ಅದು ಇಂಗ್ಲಿಷಿಗೆ ಸೇರಿತು. ಕೈಚಳಕದ ಆಟ ಎಂಬ ಅರ್ಥ ಬಂದದ್ದು ಬಹಳ ತಡವಾಗಿ.

‘ಜಾದೂ’ ಫಾರ್ಸಿ ಪದ. 1347ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿಗಳ ದರ್ಬಾರಿನಲ್ಲಿ ಫಾರ್ಸಿಯೇ ನಡೆಯುತ್ತಿತ್ತು. ನಿಜಾಮರ ಆಳ್ವಿಕೆಯಲ್ಲಿ ಮುಂದೆ ಉರ್ದು ಆ ಜಾಗಕ್ಕೆ ಬಂತು. ಹೀಗಾಗಿ ದಫ್ತರ, ತಾರೀಖುಗಳಂತೆ ಜಾದೂ ಕೂಡ ಈ ಭಾಗದಲ್ಲಿ ಮನೆಮಾತೇ. ಇದರ ದಾಯಾದಿ ಮಾತ್ರ ಸಂಸ್ಕೃತದಲ್ಲಿ ಮೊದಲೇ ಇತ್ತು: ಪ್ರಾಚೀನ ಇರಾನಿನ ಧರ್ಮಗ್ರಂಥವಾದ ಅವೆಸ್ತಾದಲ್ಲೂ ಋಗ್ವೇದದಲ್ಲೂ ‘ಯಾತು’ ಎಂದರೆ ಕೇಡಿನ ವಿದ್ಯೆ. ಋಗ್ವೇದದ ಏಳನೆಯ ಮಂಡಲದಲ್ಲಿ ಒಬ್ಬನು, ತಾನು ಯಾತುಧಾನ, ಅಂದರೆ ಯಾತು ಮಾಡುವವನಾಗಿದ್ದರೆ ಇಂದೇ ಸಾಯಲಿ ಎಂದು ಆಣೆ ಇಡುತ್ತಾನೆ. ಮಂತ್ರ ಹಾಕಿದವನೆಂಬ ಆರೋಪದ ಭಯ ಅಷ್ಟು ಹಳೆಯದು.

ಇನ್ನು ಮಾಟ. ಆಡುವುದು ಆಟವಾದಂತೆ, ನೋಡುವುದು ನೋಟವಾದಂತೆ, ಮಾಡಿದ್ದು ಮಾಟ. ಮೂಲದಲ್ಲಿ ಕೆಲಸ, ರಚನೆ ಎಂದಷ್ಟೇ ಅರ್ಥ. ‘ಮಾಟವಾದ ಮೂಗು’ ಎಂದು ಹೊಗಳುವಾಗ ಆ ಒಳ್ಳೆಯ ಅರ್ಥ ಇಂದಿಗೂ ಉಳಿದಿದೆ. ಬೀದರ, ಯಾದಗಿರಿಯ ಹಳ್ಳಿಗಳಲ್ಲಿ ‘ಯಾರೋ ಮಾಡಿಸ್ಯಾರ’ ಎಂದರೆ ಸಾಕು, ಏನು ಮಾಡಿಸಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ಅಥರ್ವವೇದದ ‘ಕೃತ್ಯಾ’ ಪದವೂ ‘ಮಾಡು’ ಎಂಬರ್ಥದ ಧಾತುವಿನಿಂದಲೇ ಬಂದು, ಇದೇ ಅರ್ಥಕ್ಕೆ ಇಳಿದಿರುವುದನ್ನು ಗಮನಿಸಬೇಕು. ಈ ಭಾಗದಲ್ಲಿ ಕುಖ್ಯಾತವಾದ ‘ಭಾನಾಮತಿ’ಯೂ ಇದೇ ನಂಬಿಕೆಯ ಹೆಸರು. ಅದನ್ನು ಮಾಡಿದರೆಂಬ ಗುಮಾನಿಯ ಮೇಲೆ ಬಡವರು ಏಟು ತಿಂದಿದ್ದಾರೆ. ವಾಮಾಚಾರದ ವಿರುದ್ಧ ಕರ್ನಾಟಕದಲ್ಲಿ 2017ರ ಕಾನೂನೇ ಇದೆ.

ಆದ್ದರಿಂದ ಮೂರೂ ಒಂದೇ ಅಲ್ಲ. ಜಾದೂ, ಮ್ಯಾಜಿಕ್ ಎರಡೂ ಇಂದು ಆಟಕ್ಕೂ ಸಲ್ಲುತ್ತವೆ, ಕೇಡಿಗೂ ಸಲ್ಲುತ್ತವೆ. ಕನ್ನಡ ಆಟವನ್ನೂ ಕೇಡನ್ನೂ ಬೇರೆಯಾಗಿಯೇ ಇಟ್ಟಿದೆ: ನಾಣ್ಯ ಮಾಯ ಮಾಡುವವನದು ಕಣ್ಕಟ್ಟು, ಅವನನ್ನು ಯಾರೂ ಮಾಟಗಾರ ಎನ್ನುವುದಿಲ್ಲ.