ಹಚ್ಚೆ, ಜೈಲು, ಲೊಂಬ್ರೋಸೊ: ಎಣಿಕೆ ಎಲ್ಲಿ ಜಾರಿತು?

ಅಪರಾಧಶಾಸ್ತ್ರದ ಪತ್ರಿಕೆಗೆ ಓದುತ್ತಿರುವವರಿಗೆ ಈ ಟಿಪ್ಪಣಿ. ಸಿಲಬಸ್‌ನಲ್ಲಿ ‘ಪಾಸಿಟಿವಿಸ್ಟ್ ಪಂಥ’ (ಅಪರಾಧದ ಕಾರಣವನ್ನು ಅಳತೆ, ಎಣಿಕೆಯಿಂದ ಹುಡುಕಿದವರು) ಅಂತ ಒಂದು ಸಾಲು ಇರುತ್ತದೆ. ಗೈಡ್‌ಗಳಲ್ಲಿ ಲೊಂಬ್ರೋಸೊ ಹೆಸರು, ಆತನ ಪುಸ್ತಕ ಬಂದ 1876 ಅನ್ನೋ ವರ್ಷ, ‘ಹುಟ್ಟು ಅಪರಾಧಿ’ ಅನ್ನೋ ಪದ ಕೊಟ್ಟು, ‘ಈಗ ಇದನ್ನು ಯಾರೂ ಒಪ್ಪುವುದಿಲ್ಲ’ ಅಂತ ಮುಗಿಸಿಬಿಡುತ್ತಾರೆ. ಯಾಕೆ ಒಪ್ಪುವುದಿಲ್ಲ ಅಂತ ಹೇಳುವುದಿಲ್ಲ. ನಾನು ತುಂಬಾ ಹೊತ್ತು ನಿಂತದ್ದು ಆ ‘ಯಾಕೆ’ಯ ಹತ್ತಿರವೇ. ಹಾಗಾಗಿ ಇಲ್ಲಿ ಅದೇ ಜಾಸ್ತಿ ಜಾಗ ತಿಂದಿದೆ. ಉಳಿದ ವಿವರ ನಿಮ್ಮ ಪುಸ್ತಕದಲ್ಲೇ ಇದೆ.

ಲೊಂಬ್ರೋಸೊ ಹೇಳಿದ್ದು, ಚುಟುಕಾಗಿ

ಚೆಸಾರೆ ಲೊಂಬ್ರೋಸೊ (1835–1909) ಇಟಲಿಯ ವೈದ್ಯ. ಮೊದಲು ಸೇನೆಯಲ್ಲಿ ಡಾಕ್ಟರ್, ಆಮೇಲೆ ಟ್ಯೂರಿನ್‌ನಲ್ಲಿ ಪ್ರೊಫೆಸರ್. ಅಪರಾಧಿ ಅಂದರೆ ಮನುಷ್ಯನ ವಿಕಾಸದಲ್ಲಿ ಹಿಂದಿನ ಮೆಟ್ಟಿಲಲ್ಲೇ ಉಳಿದವನು, ಅದು ಅವನ ಮೈಮೇಲೆ ಕಾಣುತ್ತದೆ ಅನ್ನೋದು ಆತನ ವಾದ. ದೊಡ್ಡ ದವಡೆ, ಹಿಂದಕ್ಕೆ ಜಾರಿದ ಹಣೆ, ಅಗಲ ಕಿವಿ, ಉದ್ದ ತೋಳು, ಹೀಗೆ ಪಟ್ಟಿ ಬೆಳೆಯುತ್ತದೆ. ಆ ಪಟ್ಟಿಯಲ್ಲಿ ಹುಟ್ಟಿನಿಂದ ಬಾರದ ಒಂದು ಗುರುತೂ ಇದೆ: ಹಚ್ಚೆ.

ಹಚ್ಚೆಗೆ ಆತ ಕೊಟ್ಟ ಕಾರಣ ಕೇಳಿ. ಅಪರಾಧಿಗಳಿಗೆ ನೋವು ಅಷ್ಟಾಗಿ ತಿಳಿಯುವುದಿಲ್ಲ, ಅದಕ್ಕೇ ಸೂಜಿ ಚುಚ್ಚಿಸಿಕೊಳ್ಳುತ್ತಾರೆ. ತಮ್ಮ ನೋವೇ ತಿಳಿಯದವರಿಗೆ ಬೇರೆಯವರ ನೋವು ಎಲ್ಲಿ ತಿಳಿಯಬೇಕು? ಕೇಳಲು ಸರಿ ಅನ್ನಿಸುತ್ತದೆ ಅಲ್ವಾ? ಒಮ್ಮೆ ಹಚ್ಚೆ ಹಾಕಿಸಿಕೊಂಡು ಹಲ್ಲು ಕಚ್ಚಿ ಕೂತವರನ್ನು ಕೇಳಿದ್ದರೆ ಸಾಕಿತ್ತು.

ಅದೇ ಕಾಲದ ಇನ್ನೊಂದು ಕಡೆ ನೋಡಿ. ಮುಂದೆ ಏಳನೇ ಎಡ್ವರ್ಡ್ ಆದ ಇಂಗ್ಲೆಂಡಿನ ರಾಜಕುಮಾರ 1862ರಲ್ಲಿ ಜೆರುಸಲೇಮ್‌ನಲ್ಲಿ ತೋಳಿಗೆ ಶಿಲುಬೆಯ ಹಚ್ಚೆ ಹಾಕಿಸಿಕೊಂಡಿದ್ದ. ಅವನ ಮಗ, ಮುಂದಿನ ಐದನೇ ಜಾರ್ಜ್, 1881ರಲ್ಲಿ ಜಪಾನ್‌ನಲ್ಲಿ ಡ್ರ್ಯಾಗನ್ ಚುಚ್ಚಿಸಿಕೊಂಡ. ಅವರ ದವಡೆ ಅಳೆಯಲು ಯಾರೂ ಟೇಪು ಹಿಡಿದು ಹೋಗಲಿಲ್ಲ.

ಫ್ರಾನ್ಸಿನ ಲಿಯೋನ್‌ನಲ್ಲಿದ್ದ ವೈದ್ಯ ಅಲೆಕ್ಸಾಂಡ್ರ್ ಲಕಸಾನ್ಯ ಕೂಡ ಹಚ್ಚೆಗಳ ಬಗ್ಗೆ 1881ರಲ್ಲಿ ಪುಸ್ತಕ ಬರೆದ. ಆದರೆ ಆತ ಅಪರಾಧಕ್ಕೆ ಕಾರಣವನ್ನು ತಲೆಬುರುಡೆಯಲ್ಲಿ ಹುಡುಕದೆ ಸುತ್ತಲಿನ ಸಮಾಜದಲ್ಲಿ ಹುಡುಕಿದ. ‘ಲೊಂಬ್ರೋಸೊಗೆ ವಿರೋಧ’ ಅಂತ ಪ್ರಶ್ನೆ ಬಂದರೆ ಈ ಹೆಸರು ಬರೆಯಿರಿ. ಹೆಚ್ಚಿನವರು ಬಿಟ್ಟುಬಿಡುತ್ತಾರೆ.

ಎರಡು ಪ್ರಶ್ನೆ, ನೋಡಲು ಒಂದೇ ಥರ

ಕಷ್ಟದ ಜಾಗ ಇದೇ. ನಿಧಾನವಾಗಿ ಹೋಗೋಣ.

ಮೊದಲ ಪ್ರಶ್ನೆ: ಜೈಲಿನಲ್ಲಿ ಇರುವವರಲ್ಲಿ ಎಷ್ಟು ಜನಕ್ಕೆ ಹಚ್ಚೆ ಇದೆ?

ಎರಡನೇ ಪ್ರಶ್ನೆ: ಹಚ್ಚೆ ಇರುವವರಲ್ಲಿ ಎಷ್ಟು ಜನ ಅಪರಾಧಿಗಳು?

ಲೊಂಬ್ರೋಸೊ ಎಣಿಸಿದ್ದು ಮೊದಲನೆಯದನ್ನು. ಉತ್ತರ ಕೊಟ್ಟದ್ದು ಎರಡನೆಯದಕ್ಕೆ. ಕೆಎಎಸ್ ಪಾಸಾದವರಲ್ಲಿ ಮುಕ್ಕಾಲು ಜನ ಟೀ ಕುಡಿಯುತ್ತಾರೆ ಅಂತಿಟ್ಟುಕೊಳ್ಳಿ. ಹಾಗಂತ ಟೀ ಕುಡಿಯುವವರಲ್ಲಿ ಮುಕ್ಕಾಲು ಜನ ಕೆಎಎಸ್ ಪಾಸಾಗುತ್ತಾರಾ? ಇಲ್ಲಿ ತಕ್ಷಣ ನಗು ಬರುತ್ತದೆ. ಹಚ್ಚೆಯ ವಿಷಯದಲ್ಲಿ ನಗು ಬರುವುದಿಲ್ಲ, ಯಾಕೆಂದರೆ ಉತ್ತರ ನಮ್ಮ ಮನಸ್ಸಿನಲ್ಲಿ ಮೊದಲೇ ಕೂತಿರುತ್ತದೆ.

ಇಷ್ಟು ಹೇಳಿದರೆ ಒಂದು ತಕರಾರು ಬರುತ್ತದೆ, ಅದು ನ್ಯಾಯವಾದದ್ದೇ. ‘ಸರಿ, ಹಚ್ಚೆ ಇದ್ದವರೆಲ್ಲ ಕಳ್ಳರಲ್ಲ. ಆದರೆ ಊರಿನಲ್ಲಿ ನೂರಕ್ಕೆ ಹತ್ತು ಜನಕ್ಕೆ ಹಚ್ಚೆ, ಜೈಲಿನಲ್ಲಿ ನೂರಕ್ಕೆ ಐವತ್ತು ಜನಕ್ಕೆ ಇದ್ದರೆ? ಏನೋ ಸಂಬಂಧ ಇದೆ ಅಂತಲೇ ಆಯಿತಲ್ಲ?’ ಗೈಡ್‌ಗಳು ಇಲ್ಲಿಗೆ ಬರುವುದೇ ಇಲ್ಲ. ಪೆನ್ನು ಹಿಡಿದು ಲೆಕ್ಕ ಮಾಡಿದಾಗಲೇ ಇದು ಬಿಡುತ್ತದೆ.

ಒಂದು ಊರು ಕಟ್ಟೋಣ. ಅಂಕಿಗಳೆಲ್ಲ ಸುಮ್ನೆ ಲೆಕ್ಕಕ್ಕೆ. ಜನಸಂಖ್ಯೆ 1,00,000. ಅದರಲ್ಲಿ 10,000 ಜನಕ್ಕೆ ಹಚ್ಚೆ ಇದೆ, 90,000 ಜನಕ್ಕೆ ಇಲ್ಲ. ಎರಡೂ ಕಡೆ ಕಳ್ಳರು ನೂರಕ್ಕೆ ಒಬ್ಬರೇ. ಅಂದರೆ ಹಚ್ಚೆ ಇರುವ ಕಳ್ಳರು 100, ಇಲ್ಲದ ಕಳ್ಳರು 900. ಹಚ್ಚೆಗೂ ಕಳ್ಳತನಕ್ಕೂ ಯಾವ ಸಂಬಂಧವೂ ಇಲ್ಲದ ಹಾಗೆ ನಾವೇ ಕಟ್ಟಿದ ಊರು ಇದು. ಈ ಮಾತು ನೆನಪಿಟ್ಟುಕೊಳ್ಳಿ.

ಈಗ ಊರಿಗೆ ಒಬ್ಬ ಇನ್‌ಸ್ಪೆಕ್ಟರ್ ಬರುತ್ತಾನೆ. ಲಂಚಕೋರನಲ್ಲ, ಕೆಟ್ಟವನೂ ಅಲ್ಲ. ಹಚ್ಚೆ ಕಂಡರೆ ಅನುಮಾನ, ಅಷ್ಟೆ. ರಾತ್ರಿ ಬೀಟ್‌ನಲ್ಲಿ ಹಚ್ಚೆ ಇರುವವರನ್ನೇ ನಿಲ್ಲಿಸುತ್ತಾನೆ, ಅವರ ಚೀಲವನ್ನೇ ತಡಕುತ್ತಾನೆ, ಅವರ ಮನೆಗೇ ಹೋಗುತ್ತಾನೆ. ಹಾಗಾಗಿ ಹಚ್ಚೆ ಇರುವ ಕಳ್ಳರಲ್ಲಿ ಅರ್ಧ ಜನ ಸಿಕ್ಕಿಬೀಳುತ್ತಾರೆ: 50. ಹಚ್ಚೆ ಇಲ್ಲದ ಕಳ್ಳರಲ್ಲಿ ಸಿಗುವವರು ಇಪ್ಪತ್ತರಲ್ಲಿ ಒಬ್ಬ: 45.

ಜೈಲಿನಲ್ಲಿ ಒಟ್ಟು 95 ಜನ. ಹಚ್ಚೆ ಇರುವವರು 50. ಅರ್ಧಕ್ಕಿಂತ ಜಾಸ್ತಿ!

ಲೊಂಬ್ರೋಸೊ ಈ ಜೈಲಿಗೆ ಬಂದರೆ ಏನು ಬರೆದುಕೊಳ್ಳುತ್ತಾನೆ? ‘ಊರಿನಲ್ಲಿ ಹಚ್ಚೆ ನೂರಕ್ಕೆ ಹತ್ತು, ಇಲ್ಲಿ ಸುಮಾರು ಐವತ್ತಮೂರು. ಸಾಬೀತಾಯಿತು.’ ಆತ ಒಂದು ತಲೆಯನ್ನೂ ತಪ್ಪಾಗಿ ಎಣಿಸಿಲ್ಲ. ಆದರೂ ಸಂಬಂಧವೇ ಇಲ್ಲದ ಕಡೆ ಸಂಬಂಧ ಸಿಕ್ಕಿತು. ಅದನ್ನು ಹುಟ್ಟಿಸಿದ್ದು ಇನ್‌ಸ್ಪೆಕ್ಟರನ ಅನುಮಾನ. ಜೈಲಿನ ಲೆಕ್ಕ ಯಾರು ಕದಿಯುತ್ತಾರೆ ಅಂತ ಹೇಳುವುದಿಲ್ಲ, ಯಾರು ಸಿಕ್ಕಿಬೀಳುತ್ತಾರೆ ಅಂತ ಹೇಳುತ್ತದೆ.

ಇನ್ನೊಂದು ಸುತ್ತು ಹೋಗಿ. ಮುಂದಿನ ವರ್ಷ ಹೊಸ ಇನ್‌ಸ್ಪೆಕ್ಟರ್ ಬರುತ್ತಾನೆ. ಅವನಿಗೆ ಹಚ್ಚೆಯ ಬಗ್ಗೆ ಯಾವ ಪೂರ್ವಗ್ರಹವೂ ಇಲ್ಲ. ಆದರೆ ಹಳೆಯ ರಿಜಿಸ್ಟರ್ ತೆರೆದು ನೋಡಿದರೆ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಹಚ್ಚೆ. ಅವನೂ ಅಂಥವರನ್ನೇ ನಿಲ್ಲಿಸಲು ಶುರು ಮಾಡುತ್ತಾನೆ. ಮೊದಲನೆಯವನದು ಅನುಮಾನ, ಎರಡನೆಯವನದು ‘ಅಂಕಿ-ಅಂಶ’.

ಇದರ ಮೇಲೆ ಸಣ್ಣದೊಂದು ಸಂಗತಿ: ಜೈಲಿನೊಳಗೇ ಹೊತ್ತು ಹೋಗದೆ ಹಚ್ಚೆ ಹಾಕಿಸಿಕೊಂಡವರು ಎಷ್ಟೋ ಜನ. ಅವರ ವಿಷಯದಲ್ಲಿ ಹಚ್ಚೆ ಬಂದದ್ದೇ ಜೈಲಿನಿಂದ. ಕಾರಣ ಯಾವುದು, ಪರಿಣಾಮ ಯಾವುದು ಅನ್ನೋದೇ ತಿರುಗಾಮುರುಗಾ.

ಇದನ್ನೆಲ್ಲ ಬಿಡಿಸಲು ದಾರಿ ಒಂದೇ. ಜೈಲಿನ ಹೊರಗಿನವರನ್ನೂ ಅದೇ ಅಳತೆಗೋಲಿನಿಂದ ಅಳೆಯಬೇಕು. ಮುಖ-ಮೈಕಟ್ಟಿನ ವಿಷಯದಲ್ಲಿ ಆ ಕೆಲಸ ಮಾಡಿದವನು ಇಂಗ್ಲೆಂಡಿನ ಜೈಲು ವೈದ್ಯ ಚಾರ್ಲ್ಸ್ ಗೋರಿಂಗ್. ಸುಮಾರು 3,000 ಕೈದಿಗಳ ಅಳತೆಗಳನ್ನು ವಿದ್ಯಾರ್ಥಿಗಳು, ಸೈನಿಕರು, ಆಸ್ಪತ್ರೆಯ ರೋಗಿಗಳ ಅಳತೆಗಳ ಜೊತೆ ಹೋಲಿಸಿದ. 1913ರಲ್ಲಿ ಬಂದ ಫಲಿತಾಂಶ: ‘ಅಪರಾಧಿ ಮುಖ’ ಅನ್ನೋದು ಇಲ್ಲ. ಮೈಕಟ್ಟಿನಲ್ಲಿ ಕೈದಿಗಳು ಎತ್ತರ, ತೂಕದಲ್ಲಿ ಸ್ವಲ್ಪ ಕಡಿಮೆ ಇದ್ದರು, ಅಷ್ಟೆ. ಉತ್ತರ ಪತ್ರಿಕೆಯಲ್ಲಿ ‘ಯಾರೂ ಒಪ್ಪುವುದಿಲ್ಲ’ ಅಂತ ಬರೆಯುವ ಬದಲು ‘ಹೋಲಿಸಲು ಸರಿಯಾದ ಇನ್ನೊಂದು ಗುಂಪು ಇರಲಿಲ್ಲ, ಗೋರಿಂಗ್ ಅದನ್ನು ತಂದ’ ಅಂತ ಬರೆಯಿರಿ. ತೂಕ ಬರುತ್ತದೆ.

ಇದೇ ಲೆಕ್ಕ, ಈ ಸಲ ಕಾಯ್ದೆಯಾಗಿ

ಮೇಲಿನ ಊರು ಕಾಲ್ಪನಿಕ. ಅದರ ನಿಜವಾದ ರೂಪ ನಮ್ಮಲ್ಲೇ ಇತ್ತು: 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ. ಒಂದು ಎಚ್ಚರಿಕೆ. ಲೊಂಬ್ರೋಸೊ ನೋಡಿ ಬ್ರಿಟಿಷರು ಈ ಕಾಯ್ದೆ ಮಾಡಿದರು ಅಂತ ಬರೆಯಬೇಡಿ. ಕಾಯ್ದೆ ಅವನ ಪುಸ್ತಕಕ್ಕಿಂತ ಐದು ವರ್ಷ ಮೊದಲಿನದು. ಶುರುವಾದದ್ದು ಉತ್ತರ ಭಾರತದಲ್ಲಿ. 1911ರ ಹೊಸ ಕಾಯ್ದೆಯ ನಂತರ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಇಲ್ಲಿ ನೋಡುತ್ತಿದ್ದದ್ದು ದವಡೆಯನ್ನಲ್ಲ, ಜಾತಿಯನ್ನು. ಹುಟ್ಟಿದ ಗುಂಪೇ ಗುರುತು.

ಪಟ್ಟಿಗೆ ಸೇರಿದವರಲ್ಲಿ ಕೊರವ, ಕೊರಚ ಸಮುದಾಯಗಳೂ ಇದ್ದವು. ಇವರಲ್ಲಿ ಎಷ್ಟೋ ಜನ ಎತ್ತು, ಕತ್ತೆಗಳ ಮೇಲೆ ಕರಾವಳಿಯ ಉಪ್ಪು ಹೇರಿಕೊಂಡು ಒಳನಾಡಿಗೆ ಬಂದು, ಧಾನ್ಯ ಕೊಂಡು ಹೋಗುತ್ತಿದ್ದ ವ್ಯಾಪಾರಿಗಳು. ಸರ್ಕಾರದ ಉಪ್ಪಿನ ನೀತಿ ಒಂದು ಕಡೆ, ರೈಲು ಇನ್ನೊಂದು ಕಡೆ ಆ ವ್ಯಾಪಾರವನ್ನು ಮುರಿದವು. ಕೆಲಸವಿಲ್ಲದೆ ಅಲೆಯುವವರು ಅಂದಮೇಲೆ ಅನುಮಾನ ತಾನಾಗೇ ಬಂತು.

ಇನ್ನೊಂದು ಸಂಗತಿ ಈ ಅಧ್ಯಾಯ ಓದುವಾಗ ನನ್ನ ತಲೆಯಿಂದ ಹೋಗಲೇ ಇಲ್ಲ. ನಮ್ಮ ಹಳ್ಳಿಗಳಲ್ಲಿ ಮನೆ ಮನೆಗೆ ಬಂದು ಹಚ್ಚೆ ಹಾಕುತ್ತಿದ್ದವರು ಈ ಸಮುದಾಯದ ಹೆಂಗಸರೇ, ಕೊರವಂಜಿಯರು. ನನ್ನ ಅಜ್ಜಿಯ ಮುಂಗೈ ಮೇಲೆ ಅಂಥದ್ದೊಂದು ಇತ್ತು: ಚುಕ್ಕೆ ಇಟ್ಟು ಗೆರೆ ಎಳೆದ ರಂಗೋಲಿ, ಅಂಚು ಹರಡಿ ಹಸಿರಿಗೆ ತಿರುಗಿತ್ತು. ಗಲ್ಲದ ಮೇಲೆ ಒಂದೇ ಒಂದು ಬೊಟ್ಟು. ದೀಪದ ಕಪ್ಪು, ಸೊಪ್ಪಿನ ರಸ ಕಲಸಿ, ಸೂಜಿಗಳನ್ನು ಒಟ್ಟಿಗೆ ಕಟ್ಟಿ ಚುಚ್ಚುತ್ತಿದ್ದರಂತೆ. ನೋವು ಮರೆಯಲಿ ಅಂತ ಹಾಡು ಬೇರೆ. ‘ಸತ್ತಾಗ ಒಡವೆ ಬಿಚ್ಚಿಕೊಳ್ತಾರೆ ಕಣೋ, ಇದನ್ನ ಯಾರು ಬಿಚ್ಕೊಳ್ತಾರೆ?’ ಅನ್ನುತ್ತಿದ್ದಳು. ಅಜ್ಜಿಯ ಓರಗೆಯವರಲ್ಲಿ ಹಚ್ಚೆ ಇಲ್ಲದ ಕೈಯನ್ನೇ ವಿಚಿತ್ರವಾಗಿ ನೋಡುತ್ತಿದ್ದರು. ಲೊಂಬ್ರೋಸೊನ ಪಟ್ಟಿ ಹಿಡಿದರೆ ಆ ಕೇರಿಯ ಮುತ್ತೈದೆಯರೆಲ್ಲ ಹುಟ್ಟು ಅಪರಾಧಿಗಳು! ಸೂಜಿ ಹಿಡಿದ ಹೆಂಗಸಿನ ಸಮುದಾಯದ ಹೆಸರು ಮಾತ್ರ ನಿಜವಾಗಿಯೂ ಪೊಲೀಸ್ ರಿಜಿಸ್ಟರ್‌ನಲ್ಲಿ.

ಈಗ ಕಾಯ್ದೆ ಹೇಗೆ ಕೆಲಸ ಮಾಡುತ್ತಿತ್ತು ನೋಡಿ. ಪಟ್ಟಿಯಲ್ಲಿದ್ದವರು ಹೆಸರು ನೋಂದಾಯಿಸಬೇಕು, ಹೇಳಿದ ಹೊತ್ತಿಗೆ ಹಾಜರಿ ಕೊಡಬೇಕು, ಪಾಸ್ ಇಲ್ಲದೆ ಊರು ಬಿಡುವಂತಿಲ್ಲ. ಹಾಜರಿ ತಪ್ಪಿದರೆ ಶಿಕ್ಷೆ. ಪಾಸ್ ಇಲ್ಲದೆ ಸಿಕ್ಕಿದರೆ ಶಿಕ್ಷೆ. ಸಂತೆಗೆ ಹೋಗಿ ತಡವಾಗಿ ಬಂದವನೂ ಶಿಕ್ಷೆಯಾದವರ ಲೆಕ್ಕಕ್ಕೆ ಸೇರಿದ. ಬೇರೆ ಯಾರಿಗೂ ಅಪರಾಧವಲ್ಲದ್ದು ಇವರಿಗೆ ಮಾತ್ರ ಅಪರಾಧ. ವರ್ಷದ ಕೊನೆಗೆ ಎಣಿಸಿದರೆ ಈ ಸಮುದಾಯದಲ್ಲಿ ಅಪರಾಧ ಜಾಸ್ತಿ ಅಂತಲೇ ಬರುತ್ತದೆ. ನಮ್ಮ ಕಾಲ್ಪನಿಕ ಊರಿನಲ್ಲಿ ಕಳ್ಳರಾದರೂ ನಿಜವಾಗಿ ಕದ್ದಿದ್ದರು. ಇಲ್ಲಿ ಅದೂ ಬೇಕಾಗಿರಲಿಲ್ಲ.

ಕೆಲವರನ್ನು ಬೇಲಿಯೊಳಗಿನ ವಸತಿಗಳಿಗೆ ಸಾಗಿಸಿದರು. ಬೊಂಬಾಯಿ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿ, ಗದಗ, ವಿಜಯಪುರದಲ್ಲಿ ಅಂಥವು ಇದ್ದವು. ಹುಬ್ಬಳ್ಳಿಯವರಿಗೆ ‘ಸೆಟ್ಲಮೆಂಟ್’ ಅನ್ನೋ ಜಾಗದ ಹೆಸರು ಗೊತ್ತೇ ಇರುತ್ತದೆ. ಅದು ಬಂದದ್ದು ಅಲ್ಲಿಂದ.

ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ರಂದು. ‘ವಿಮುಕ್ತ ಬುಡಕಟ್ಟುಗಳು’ ಅನ್ನೋ ಹೆಸರು ಅಲ್ಲಿಂದ. ಅದರ ಜಾಗಕ್ಕೆ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು, ಕರ್ನಾಟಕದ್ದು 1961ರದು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಜೈಲಿನಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ರದ್ದು ಮಾಡಿತು. ಜೈಲು ಕೈಪಿಡಿಗಳಲ್ಲಿ ವಿಮುಕ್ತ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳಂತೆ ನೋಡುವುದನ್ನೂ ಅದೇ ತೀರ್ಪು ಖಂಡಿಸಿತು. ಪ್ರಚಲಿತ ವಿದ್ಯಮಾನದ ಪ್ರಶ್ನೆಗೂ ಇದು ಆಗುತ್ತದೆ.

ಮುಖ: ಬೇಗ ಮುಗಿಸುತ್ತೇನೆ

ಮನಶ್ಶಾಸ್ತ್ರದವರಿಗೆ ಎರಡು ಪ್ರಯೋಗ ಸಾಕು. 2006ರಲ್ಲಿ ವಿಲ್ಲಿಸ್ ಮತ್ತು ಟೊಡೊರೊವ್ ಜನರಿಗೆ ಅಪರಿಚಿತ ಮುಖಗಳನ್ನು ಸೆಕೆಂಡಿನ ಹತ್ತನೇ ಒಂದು ಭಾಗ ತೋರಿಸಿ, ಈತನನ್ನು ನಂಬಬಹುದಾ ಅಂತ ಕೇಳಿದರು. ಅಷ್ಟರಲ್ಲೇ ತೀರ್ಮಾನ ಆಗಿತ್ತು. ಜಾಸ್ತಿ ಹೊತ್ತು ತೋರಿಸಿದರೆ ತೀರ್ಮಾನ ಹೆಚ್ಚು ಬದಲಾಗಲಿಲ್ಲ, ಅದರ ಮೇಲಿನ ಭರವಸೆ ಮಾತ್ರ ಏರಿತು.

ಎರಡನೆಯದು 2015ರದು, ವಿಲ್ಸನ್ ಮತ್ತು ರೂಲ್ ಮಾಡಿದ್ದು. ಅಮೆರಿಕದ ಫ್ಲೋರಿಡಾದಲ್ಲಿ ಕೊಲೆಗೆ ಶಿಕ್ಷೆಯಾದವರ ಫೋಟೋಗಳನ್ನು ಕೇಸಿನ ವಿವರ ಹೇಳದೆ ಜನರಿಗೆ ತೋರಿಸಿದರು. ‘ನಂಬಲಾಗದ ಮುಖ’ ಅನ್ನಿಸಿಕೊಂಡವರಿಗೆ ಜೀವಾವಧಿಗಿಂತ ಮರಣದಂಡನೆ ಆಗಿರುವ ಸಂಭವ ಹೆಚ್ಚಿತ್ತು. ‘ಮುಖದಲ್ಲಿ ನಿಜವಾಗಿಯೂ ಏನೋ ಇರಬಹುದಲ್ಲ’ ಅಂತ ನೀವು ಕೇಳುತ್ತೀರಿ, ಅವರೂ ಕೇಳಿಕೊಂಡರು. ಆಮೇಲೆ ನಿರಪರಾಧಿಗಳು ಅಂತ ಬಿಡುಗಡೆಯಾದವರ ಫೋಟೋಗಳಲ್ಲೂ ನೋಡಿದರು. ಅಲ್ಲೂ ಅದೇ. ಏನೂ ಮಾಡದವರು ಮುಖಕ್ಕೆ ಬೆಲೆ ತೆತ್ತಿದ್ದರು. ಈ ಎರಡನೇ ಹಂತ ಬರೆಯದಿದ್ದರೆ ಉತ್ತರ ಅರ್ಧಕ್ಕೇ ನಿಲ್ಲುತ್ತದೆ.

ಬಟ್ಟೆ: ಬಾಗಿಲಲ್ಲಿ ನಿಂತವನ ಲೆಕ್ಕ

2024ರಲ್ಲಿ ಬೆಂಗಳೂರಿನಲ್ಲಿ ಎರಡು ಘಟನೆ ಆದವು. ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ, ಬಟ್ಟೆ ಕೊಳೆಯಾಗಿದೆ ಅಂತ ಟಿಕೆಟ್ ಇದ್ದ ರೈತರೊಬ್ಬರನ್ನು ತಡೆದರು. ಜೊತೆಗಿದ್ದ ಪ್ರಯಾಣಿಕರು ಜಗಳ ಮಾಡಿ ಒಳಗೆ ಬಿಡಿಸಿದರು. ಭದ್ರತಾ ಮೇಲ್ವಿಚಾರಕನ ಕೆಲಸ ಹೋಯಿತು. ಜುಲೈನಲ್ಲಿ ಪಂಚೆ ಉಟ್ಟ ಇನ್ನೊಬ್ಬ ರೈತರಿಗೆ ಮಾಲ್ ಒಂದರಲ್ಲಿ ಪ್ರವೇಶ ಕೊಡಲಿಲ್ಲ. ಮಗನ ಜೊತೆ ಸಿನಿಮಾ ನೋಡಲು ಬಂದಿದ್ದರು. ಗಲಾಟೆ ವಿಧಾನಸಭೆಗೆ ಹೋಗಿ, ಆ ಮಾಲ್ ಏಳು ದಿನ ಮುಚ್ಚಿತು.

ಇಲ್ಲಿ ಎಣಿಕೆಯ ಪ್ರಶ್ನೆ ಹಾಕಿ ನೋಡಿ. ಪಂಚೆಯವರನ್ನು ಬಾಗಿಲಲ್ಲೇ ಕಳಿಸಿದರೆ ಒಳಗೆ ಪಂಚೆಯವರು ಕಾಣುವುದಿಲ್ಲ. ‘ಪಂಚೆ ಉಟ್ಟವರು ನಮ್ಮ ಗಿರಾಕಿಗಳಲ್ಲ’ ಅನ್ನೋದು ಆ ಕಾವಲುಗಾರನಿಗೆ ದಿನಾ ನಿಜವಾಗಿ ಕಾಣುತ್ತದೆ. ಜೈಲಿನಲ್ಲಿ ಅನುಮಾನ ಜನರನ್ನು ಒಳಗೆ ಹಾಕಿ ಲೆಕ್ಕ ಕೆಡಿಸಿತು, ಇಲ್ಲಿ ಹೊರಗೆ ಇಟ್ಟು ಕೆಡಿಸುತ್ತದೆ. ಇನ್ನೂ ಒಂದು ಮಾತು: ಆ ಕಾವಲುಗಾರನ ಅಪ್ಪನೂ ಊರಿನಲ್ಲಿ ಪಂಚೆಯನ್ನೇ ಉಡುತ್ತಿರಬಹುದು. ನಿಯಮ ಮಾಡಿದವರು ಎಸಿ ರೂಮಿನಲ್ಲಿ, ಬೈಗುಳ ಬಾಗಿಲಲ್ಲಿ ನಿಂತವನಿಗೆ.

ಪರೀಕ್ಷೆ ಬರೆಯುವವರಿಗೆ ಹಚ್ಚೆಯ ನಿಯಮ

ಇದನ್ನು ಕೇಳುವವರು ಜಾಸ್ತಿ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಿಗೆ ಸ್ಟಾಫ್ ಸೆಲೆಕ್ಷನ್ ಕಮಿಷನ್ ನಡೆಸುವ ನೇಮಕಾತಿಯ ಅಧಿಸೂಚನೆಗಳಲ್ಲಿ ಇದು ಹೀಗಿರುತ್ತದೆ: ಧಾರ್ಮಿಕ ಚಿಹ್ನೆ ಅಥವಾ ಹೆಸರಿನ ಹಚ್ಚೆಗೆ ಅವಕಾಶ ಇದೆ. ಮುಂಗೈ ಒಳಭಾಗದಲ್ಲಿ ಇದ್ದರೆ ಎಡಗೈ ಮಾತ್ರ, ಅಂದರೆ ಸೆಲ್ಯೂಟ್ ಹೊಡೆಯದ ಕೈ. ಅಥವಾ ಹಸ್ತದ ಹಿಂಭಾಗ. ಅಳತೆ ಆ ಅಂಗದ ಕಾಲು ಭಾಗಕ್ಕಿಂತ ಕಡಿಮೆ ಇರಬೇಕು. ಗಮನಿಸಿ, ಇದು ಶಿಸ್ತಿನ ನಿಯಮ. ಹಚ್ಚೆ ಇದ್ದವನು ಕಳ್ಳ ಅಂತ ಎಲ್ಲೂ ಹೇಳುವುದಿಲ್ಲ. ಆದರೂ ಬಲಗೈಯಲ್ಲಿ ಹುಡುಗಿ ಹೆಸರು ಬರೆಸಿಕೊಂಡು ಮೆಡಿಕಲ್‌ನಲ್ಲಿ ಒದ್ದಾಡುವವರು ಇದ್ದೇ ಇದ್ದಾರೆ. ನಿಯಮ ಪಡೆಯಿಂದ ಪಡೆಗೆ ಬೇರೆ ಇರಬಹುದು, ಹಾಗಾಗಿ ಅರ್ಜಿ ಹಾಕುವ ವರ್ಷದ ಅಧಿಸೂಚನೆ ತೆರೆದು ವೈದ್ಯಕೀಯ ಮಾನದಂಡದ ಭಾಗ ಓದಿ, ಆಮೇಲೆ ಸೂಜಿಯ ಮುಂದೆ ಕೂರಿ.